ಹೊಳೆಕಲ್ಲು

ರಾತ್ರಿ ಎರಡು ನಲವತ್ತಕ್ಕೆ ಸೂಜಿ ಕೆದರಿತು.
ಹಾಸನದಲ್ಲಿ ಒಂದು ಲೋಟವೂ ಅಲ್ಲಾಡಿರಲಿಲ್ಲ.
ಕಾಲೇಜಿನ ನೆಲಮಾಳಿಗೆಯಲ್ಲಿ ನಾನು, ಕಾಗದದ ಉರುಳೆ,
ಮತ್ತು ಕಂಬಳಿ ಹೊದ್ದು ಕೂತ ಜವನಮ್ಮ:
ಕಸ ಗುಡಿಸಲು ಬಂದವಳು, ಕಡೇ ಬಸ್ಸು ತಪ್ಪಿ ಉಳಿದವಳು.

ಮೊದಲ ಏಟು ಚೂಪು. ಬಿಟ್ಟು ಎರಡನೆಯದು.
ಹಿಂದೆಯೇ ಬರಬೇಕಿದ್ದ ಮೇಲ್ಪದರದ ಉದ್ದನೆಯ ಅಲೆ
ಬರಲೇ ಇಲ್ಲ, ಅಥವಾ ನಾಚಿಕೊಂಡು ಬಂತು.
ಅದರಿಂದಲೇ ಗೊತ್ತು, ಆಳದ್ದು.
ಹಿಂದೂಕುಶ್. ಇನ್ನೂರ ಹತ್ತು ಕಿಲೋಮೀಟರ್ ಕೆಳಗೆ.
ಅಲ್ಲಿಂದ ಇಲ್ಲಿಗೆ ಐದು ನಿಮಿಷದ ದಾರಿ;
ಜವನಮ್ಮನ ಬಸ್ಸು ಅಷ್ಟರಲ್ಲಿ ಸಂತೇಪೇಟೆಯನ್ನೂ ದಾಟುವುದಿಲ್ಲ.

"ಅಷ್ಟು ಆಳದಲ್ಲಿ ಮುರಿಯಕ್ಕೆ ಏನೈತವ್ವ?"

ಅದೇ ಪ್ರಶ್ನೆ. ಅಲ್ಲಿ ಮುರಿಯಬಾರದು.
ಆ ಕಾವಿಗೆ, ಆ ಭಾರಕ್ಕೆ
ಬಂಡೆ ಬಿಸಿ ಮುದ್ದೆಯ ಹಾಗೆ ಮಣಿಯಬೇಕು,
ಸದ್ದಿಲ್ಲದೆ ಬಾಗಿ ಸುಮ್ಮನಾಗಬೇಕು.
ಎರಡು ಖಂಡ ಹಾಯ್ದುಕೊಂಡು, ನಡುವಿನ ಕಡಲು ಮುಚ್ಚಿ
ಯಾವ ಕಾಲವಾಯಿತೋ; ಬೆಟ್ಟಗಳ ಅಡಿಯಲ್ಲಿ
ಮುಳುಗಿದ ಫಲಕದ ಒಂದು ತುಂಡು ಇನ್ನೂ ನೇತಾಡುತ್ತಿದೆ,
ತನ್ನದೇ ತೂಕಕ್ಕೆ ಕತ್ತು ಸಣ್ಣಗಾಗುತ್ತ.

ಮೇಜಿನ ಮೇಲಿದ್ದ ಹಸಿರು ಕಲ್ಲು ಅವಳ ಕೈಗಿಟ್ಟೆ.
ನುಗ್ಗೇಹಳ್ಳಿ ಕಡೆಯ ಗಣಿಯ ಗುಡ್ಡೆಯಿಂದ ತಂದದ್ದು,
ಹಾವಿನ ಮೈಯ ನುಣುಪು.
ಒಣಗಿದೆ ನೋಡು, ಆದರೂ ನೂರಕ್ಕೆ ಹನ್ನೆರಡು ಪಾಲು ನೀರು,
ಹನಿಯಾಗಿ ಅಲ್ಲ, ಎಲುಬಿನೊಳಗೆ ಎಲುಬಾಗಿ.
ಇಂಥದ್ದು ಕಾವಿಗೆ ಇಳಿದರೆ...

ಅವಳು ಮುಗಿಸಗೊಡಲಿಲ್ಲ.
"ಹೊಳೆಕಲ್ಲ ಒಲೆಗೆ ಹೂಡಬಾರ್ದು ಅಂತಿದ್ಲು ನಮ್ಮತ್ತೆ.
ಹೊಳೆನರಸೀಪುರದಲ್ಲಿ ಹೊಸ ಸೊಸೆ ನಾನು, ಕೇಳ್ಲಿಲ್ಲ.
ಎಸರು ಉಕ್ಕೋ ಹೊತ್ಗೆ ಢಬ್ ಅಂತ ಸಿಡೀತು."
ಮೊಣಕೈ ತಿರುಗಿಸಿದಳು:
ಹುಣಸೆಬೀಜದಷ್ಟು ಕಲೆ, ಬಲ್ಬಿನ ಬೆಳಕಿಗೆ ಮಿನುಗಿತು.

ಸುಮಾರಾಗಿ ಹಾಗೇ, ಅಂದೆ. ಸುಮಾರಾಗಿ ಮಾತ್ರ.
ಕಲ್ಲು ಬಿಟ್ಟುಕೊಟ್ಟ ನೀರೇ ಬಿರುಕಿಗೆ ಬೆಣೆ ಬಡಿಯುತ್ತದೆ
ಅನ್ನುವವರಿದ್ದಾರೆ.
ಇಲ್ಲ, ಕೂದಲೆಳೆ ಜಾಗದಲ್ಲಿ ಉಜ್ಜಿ ಕಾದು,
ಕಾದಲ್ಲಿ ಮೆತ್ತಗಾಗಿ, ಮೆತ್ತಗಾದಲ್ಲೇ ಜಾರಿ, ಮತ್ತೆ ಕಾದು
ಒಂದೇ ಉಸಿರಿಗೆ ಹರಿದುಹೋಗುತ್ತದೆ ಅನ್ನುವವರೂ.
ಇಬ್ಬರೂ ಸರಿ ಅನಿಸುವ ರಾತ್ರಿಗಳಿವೆ ನನಗೆ.
ಇಬ್ಬರೂ ಅಲ್ಲಿಗೆ ಹೋಗಿ ಬಂದವರಲ್ಲ.

ಮರುಕಂಪನಕ್ಕೆ ಕಾಯುತ್ತ ಕೂತೆವು.
ಆಳದವು ಹೆಚ್ಚು ಗೊಣಗುವುದಿಲ್ಲ.
ಸೂಜಿ ಮತ್ತೆ ತನ್ನ ನೇರ ಗೆರೆ ಎಳೆಯತೊಡಗಿತು.
ಟೀ ಕಾಯಿಸುವ ಕರೆಂಟ್ ಒಲೆ ಹಾಕಿದೆ.
ಜವನಮ್ಮ ಎದ್ದು, ಏನೂ ಹೇಳದೆ,
ಆ ಹಸಿರು ಕಲ್ಲನ್ನು
ಒಲೆಯಿಂದ ಒಂದು ಗೇಣು ದೂರ ಸರಿಸಿಟ್ಟಳು.