ಗರೆಗಿನನ ಮಾರ್ಚ್

ವನಾಡ್ಜೋರ್‌ನಲ್ಲಿ ಮೊಣಕಾಲುದ್ದ ಹಿಮ ಬಿದ್ದಾಗಲೂ
ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಮಾರ್ಚ್ ಹನ್ನೊಂದು.
ಗರೆಗಿನ್ ಬಂದವನೇ, ಕೋಟು ಬಿಚ್ಚುವ ಮೊದಲು,
ಗಡಿಯಾರದ ಕಿವಿ ಹಿಂಡಿ ಹಿಂದಕ್ಕೆ ಕೂರಿಸುತ್ತಿದ್ದ:
"ಇರು ಅಲ್ಲೇ. ಮುಂದೆ ಹೋಗಿ ಏನು ಕಡಿದು ಕಟ್ಟೆ ಹಾಕಬೇಕು?"

ಸತ್ತವರ ಮುಖವನ್ನು ಕರಿಕಲ್ಲಿಗೆ ಇಳಿಸುವ ತಂತ್ರಾಂಶ.
ಫೋಟೋ ಕೊಟ್ಟರೆ ಚುಕ್ಕಿಚುಕ್ಕಿಯಾಗಿ ಒಡೆದು
ಲೇಸರಿಗೆ ಹೇಳುತ್ತದೆ: ಇಲ್ಲಿ ಸುಡು, ಇಲ್ಲಿ ಬಿಡು.
ಮೂವತ್ತು ದಿನ ಪುಕ್ಕಟೆ.
ಆಮೇಲೆ ಎರಡು ಗೋರಿಕಲ್ಲಿನ ದುಡ್ಡು.

ಮೊದಲು ತೆರೆದ ದಿನವನ್ನು ಅದು ಎಲ್ಲೋ ಬರೆದು ಬಚ್ಚಿಡುತ್ತದೆ,
ಸಾಲ ಕೊಟ್ಟವನ ಹಾಗೆ.
ದಿನಾ ಅದೇ ಲೆಕ್ಕ: ಇಂದಿನಿಂದ ಆ ದಿನವನ್ನು ಕಳೆ,
ಮೂವತ್ತು ದಾಟಿತೇ? ಇಲ್ಲವಾದರೆ ಬಾ ಒಳಗೆ.
ಪೂರ್ತಿ ಅಳಿಸಿ ಮತ್ತೆ ಹಾಕಿ ನೋಡಿದೆವು.
ಅಳಿಸಿದ ಮೇಲೂ ಒಂದು ಸಾಲು ಉಳಿದಿತ್ತು,
ಸುಣ್ಣ ಬಳಿದ ಗೋಡೆಯಲ್ಲಿ ಮೊಳೆಯ ತೂತು.
ಆಗ ಹೊಳೆದದ್ದು, ಮಾರ್ಚ್.

ನಾಲ್ಕು ವರ್ಷ
ಆ ಮಾರ್ಚಿನೊಳಗೆ ಕೂತು, ಇನ್ನೂ ಸಾಯದವರನ್ನು ಕೆತ್ತಿದೆವು:
ಬರುವ ಸೆಪ್ಟೆಂಬರಿನಲ್ಲಿ ತೀರಿಕೊಂಡ ಬೇಕರಿಯ ಅರುಸ್ಯಾಕ್,
ಅದರಾಚೆಯ ಜೂನಿನಲ್ಲಿ ಬಸ್ಸು ಚಾಲಕ, ಮೀಸೆ ಸಮೇತ.
ಕಲ್ಲಿನ ಮೇಲಿನ ಇಸವಿಯನ್ನು ತಂತ್ರಾಂಶ ಓದುವುದಿಲ್ಲ.

ನಮ್ಮಲ್ಲಿ ಸತ್ತವರಿಗೆ ನಲವತ್ತು ದಿನ.
ನಲವತ್ತನೆಯ ದಿನ ಮನೆಯವರು ಹೂವು, ಧೂಪ, ವೋಡ್ಕಾ ಹಿಡಿದು ಬರುವಾಗ
ಕಲ್ಲು ನಿಂತಿರಬೇಕು.
ಮೂವತ್ತಕ್ಕೂ ನಲವತ್ತಕ್ಕೂ ನಡುವಿನ ಆ ಹತ್ತು ದಿನದಲ್ಲೇ
ನಮ್ಮ ಒಲೆ ಉರಿಯುತ್ತಿತ್ತು.

ಆಮೇಲೆ ಯಾರ ಮಗನೋ ಬಂದು, ಉಪಕಾರ ಮಾಡುವೆನೆಂದು,
ಹೊಸ ಆವೃತ್ತಿ ಹಾಕಿಕೊಟ್ಟ.
ಅದು ತೆರೆದ ದಿನವನ್ನಷ್ಟೇ ಅಲ್ಲ,
ಕೊನೆಯ ಸಲ ಮುಚ್ಚಿದ ಗಳಿಗೆಯನ್ನೂ ಗುರುತಿಡುತ್ತಿತ್ತು.
ನಿನ್ನೆಗಿಂತ ಹಿಂದೆ ಇಂದು ಇರಲಾರದು,
ಇಷ್ಟೇ ಅದರ ಜಾಣತನ.
ಬಾಗಿಲು ಹಾಕಲಿಲ್ಲ, ಬೈಯಲಿಲ್ಲ. ಎಂದಿನಂತೆ ಕೆಲಸ ಮಾಡಿತು.

ಗಣಿತದ ಮೇಷ್ಟ್ರು ಸ್ಪಾರ್ತಕ್‌ಗೆ ಅದು ಮೂವತ್ತೊಂಬತ್ತನೆಯ ದಿನ.
ಮೂರು ಗಂಟೆ ಲೇಸರು ಓಡಿತು.
ಒದ್ದೆ ಬಟ್ಟೆಯಿಂದ ಧೂಳು ಒರೆಸಿದರೆ
ಬಲ ಹೆಗಲಿಂದ ಎಡ ಹೆಗಲಿಗೆ, ಟೈ ಮೇಲೆ ಹಾದು,
ಬೆರಳಗಲದ ಅಕ್ಷರ:
ಪ್ರಯೋಗ ಪ್ರತಿ.

ನಾನು ನಕ್ಕೆ. ನಗಬಾರದಿತ್ತು.
ಗರೆಗಿನ್ ಪ್ಲಗ್ಗು ಕಿತ್ತ. ಉಜ್ಜುಗಲ್ಲು ತಂದ.
ನಡುರಾತ್ರಿಯವರೆಗೆ ಮೇಷ್ಟ್ರ ಎದೆಯನ್ನು ತಿಕ್ಕಿ ಬೋಳು ಮಾಡಿದೆವು,
ಆಮೇಲೆ ಅವನು ತನ್ನಪ್ಪನ ಸೂಜಿಯುಳಿ ಹುಡುಕಿ ತೆಗೆದು
ಟಿಕ್, ಟಿಕ್, ಟಿಕ್,
ಕೋಟಿನ ಕಾಲರು, ಗುಂಡಿ, ಟೈ,
ಒಂದೊಂದೇ ಚುಕ್ಕಿ, ಬೆಳಗಿನ ಹಾಲಿನ ಗಾಡಿ ಬರುವ ತನಕ.
ಕಲ್ಲು ಅಲ್ಲಿ ಒಂದು ಕೂದಲೆಳೆ ತಗ್ಗಿತು.
ಟೈ ಸೊಟ್ಟಗಾಯಿತು.

ವಾರ್ಸೆನಿಕ್ ಬಂದಳು, ಕರಿಯ ಸ್ಕಾರ್ಫು,
ಕೈಗವಸು ತೆಗೆದು ಟೈ ಮುಟ್ಟಿ ನೋಡಿದಳು.
"ಸರಿಯಾಗಿ ಕಟ್ಟಿಕೊಂಡವನೇ ಅಲ್ಲ" ಎಂದಳು.
ದುಡ್ಡು ಎಣಿಸಿಟ್ಟು ಹೋದಳು.

ಆ ವಾರವೇ ಗರೆಗಿನ್ ಅದನ್ನು ಕೊಂಡ.
ಅಂಕಿ ಅಕ್ಷರ ಬೆರೆತ ಉದ್ದನೆಯ ಕೀಲಿ ಬಂತು.
ಕಾಗದ ಕಳೆದೀತೆಂದು, ಒಡೆದ ಚಪ್ಪಡಿಯೊಂದರ ಮೇಲೆ
ಕೈಯಾರೆ ಕೆತ್ತಿ ಬಾಗಿಲ ಬಳಿ ನಿಲ್ಲಿಸಿದ.
ಗಡಿಯಾರವನ್ನು ಬಿಟ್ಟುಕೊಟ್ಟ;
ನಾಲ್ಕು ವರ್ಷವನ್ನು ಅದು ಒಂದೇ ಗುಟುಕಿಗೆ ನುಂಗಿತು.
ಕೋಟು ಬಿಚ್ಚುವ ಮೊದಲು ಅವನ ಕೈ
ಈಗಲೂ ಪರದೆಯ ಮೂಲೆಯತ್ತ ಹೋಗುತ್ತದೆ, ಸುಮ್ಮನೆ ಮರಳುತ್ತದೆ.

ಮೊನ್ನೆ ಸರದಿಗೆ ಕಾಯುತ್ತಿದ್ದ ಮುದುಕನೊಬ್ಬ
ಆ ಚಪ್ಪಡಿ ಕಂಡು ಟೋಪಿ ತೆಗೆದ.
"ಯಾರದು ಪಾಪ, ಹೆಸರೂ ಇಲ್ಲ, ಬರೀ ಅಂಕಿ?"
ಗರೆಗಿನ್ ತಲೆ ಎತ್ತಲಿಲ್ಲ:
"ದೂರದ ನೆಂಟ. ದುಬಾರಿ ಮನುಷ್ಯ."