ಅತ್ತೆಯ ರಕ್ತದೊತ್ತಡ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ನನ್ನ ಗಂಡ ಕೆಲಸಕ್ಕೆ ಕೂರುತ್ತಾನೆ:
ತಾಯಿಯ ತೋಳಿಗೆ ಪಟ್ಟಿ ಸುತ್ತಿ
ರಬ್ಬರ್ ಚೆಂಡು ಹಿಚುಕುತ್ತಾನೆ.
ನೂರಾ ನಲವತ್ತೆರಡು, ಎಂಬತ್ತಾರು.
ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದಿಡುತ್ತಾನೆ,
ಹಿಂದೆ ಹಡಗಿನ ತಗಡಿನ ದಪ್ಪ ಅಳೆದು ಬರೆಯುತ್ತಿದ್ದ
ಅದೇ ಚೌಕಾಕಾರದ ಅಂಕೆಗಳಲ್ಲಿ.

ಈ ಮನೆಯಲ್ಲಿ ಸಂಬಳ ತರುವುದು ಆ ತೋಳೊಂದೇ.
ಸಿಗರೇಟು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಹೊಗೆಸೊಪ್ಪು ಬಿಡಿಸಿದ ತೋಳು.
ಅದರ ಪಿಂಚಣಿಗೆ ಮೂರು ಸಲ ಕತ್ತರಿ ಬಿತ್ತು.
ಉಳಿದದ್ದರಲ್ಲಿ ನಾವು ಐದು ಜನ:
ಅತ್ತೆ, ಪಾಂಡೆಲಿಸ್, ನಾನು, ಮಗಳು ಮಿರ್ತೋ,
ಹೆಂಡತಿ ಬಿಟ್ಟು, ಸೂಟ್‌ಕೇಸು ಹಿಡಿದು ಬಂದು
ಹಜಾರದಲ್ಲಿ ಮಲಗುವ ಮೈದುನ.
ಬೆಕ್ಕೂ ಒಂದಿದೆ. ಅದು ಪಕ್ಕದ ಮನೆಯಲ್ಲೂ ಉಣ್ಣುತ್ತದೆ,
ನಮ್ಮೆಲ್ಲರಿಗಿಂತ ಜಾಣ.

ಉಪ್ಪು ಬಿಡಿಸಿ ಎಂದರು ಡಾಕ್ಟರು.
ಅತ್ತೆ ಆಲಿವ್ ಬಟ್ಟಲ ಕಡೆ ಕೈ ಚಾಚಿದರೆ
ಎಂಟು ಕಣ್ಣು ಆ ಕೈಯ ಮೇಲೆ.
'ಪ್ರೀತಿ ನನ್ನ ಮೇಲೋ, ನನ್ನ ಪಾಸ್‌ಬುಕ್ಕಿನ ಮೇಲೋ?'
ಎಂದಳು ಒಮ್ಮೆ. ನಗುತ್ತಲೇ ಎಂದಳು.
ಯಾರೂ ನಗಲಿಲ್ಲ.
ಪ್ರೀತಿ ಇದೆ, ಅತ್ತೆ. ಆದರೆ ಈಚೀಚೆಗೆ
ಎರಡನ್ನೂ ಸೋಸಿ ಬೇರೆ ಮಾಡುವ ಜರಡಿ
ನನ್ನ ಅಡುಗೆಮನೆಯಲ್ಲಿ ಇಲ್ಲ.

ಎರಡು ಚಳಿಗಾಲದಿಂದ ಕಟ್ಟಡದ ಬಾಯ್ಲರ್ ತಣ್ಣಗಿದೆ.
ಎಣ್ಣೆಗೆ ಪಾಲು ಹಾಕಲು ಮೂರನೇ ಮಹಡಿ ಒಪ್ಪಲಿಲ್ಲವಂತೆ.
ಮೂರನೇ ಮಹಡಿ ಎಂದರೆ ನಾವೇ.
ಸಂಜೆಯಾದರೆ ಪೆರಮದ ಗಾಳಿಯಲ್ಲಿ ವಾರ್ನಿಷ್ ವಾಸನೆ,
ಯಾರದೋ ಮನೆಯ ಬೀರು ಉರಿಯುತ್ತಿದೆ.
ಯಾರದೆಂದು ಯಾರೂ ಕೇಳುವುದಿಲ್ಲ.
ನಾಳೆ ನಮ್ಮ ಮಂಚದ ತಲೆಹಲಗೆಯ ವಾಸನೆ
ಅವರ ಮೂಗಿಗೂ ಹೋಗಬೇಕಲ್ಲ.

ನಾನು ಬಟ್ಟೆ ತಿದ್ದಿಕೊಡುತ್ತೇನೆ.
ಮೊದಲ ವರ್ಷ ಎಲ್ಲರೂ ಸೊಂಟ ಹಿಡಿಸಿಕೊಂಡರು,
ಆಮೇಲೆ ಕಾಲರು ತಿರುವಿಸಿಕೊಂಡರು,
ಈಗ ಅಪ್ಪನ ಕೋಟು ಮಗನಿಗೆ.
ಕಾಸಿಲ್ಲದವರು ನಿಂಬೆಹಣ್ಣು ಕೊಟ್ಟು ಹೋಗುತ್ತಾರೆ.
ನಿಂಬೆಹಣ್ಣಿಗೆ ಕರೆಂಟಿನವನು ರಸೀದಿ ಹರಿಯುವುದಿಲ್ಲ, ನಿಜ.
ಆದರೆ ಈ ವರ್ಷ ಮನೆಯಲ್ಲಿ ಒಬ್ಬರಿಗೂ ನೆಗಡಿ ಬಂದಿಲ್ಲ.

ಟೀವಿಯಲ್ಲಿ ಟೈ ಕಟ್ಟಿದವನೊಬ್ಬ ಗೆರೆ ತೋರಿಸುತ್ತಾನೆ:
ಇಗೋ ಇಲ್ಲಿ ಬಿದ್ದೆವು,
ಇಗೋ ಇಲ್ಲಿಂದ ಏಳುತ್ತಿದ್ದೇವೆ.
ಏಳುತ್ತಿರುವುದು ನನಗೂ ಕಾಣುತ್ತದೆ, ಸುಳ್ಳೆನ್ನಲಾರೆ.
ಮಿರ್ತೋಗೆ ಶೂ ತಂದಾಗ ಗೆರೆ ಕೆಳಗಿತ್ತು.
ಈಗ ಗೆರೆಯೂ ಎದ್ದಿದೆ, ಅವಳ ಕಾಲೂ ಬೆಳೆದಿದೆ,
ಶೂ ಮಾತ್ರ ಅದೇ.
ಹೆಬ್ಬೆರಳ ಕಡೆ ಒಳಗಿನ ಮೆತ್ತೆ ಕಿತ್ತು
ಒಂದು ಬೆರಳಗಲ ಜಾಗ ಮಾಡಿಕೊಟ್ಟಿದ್ದೇನೆ.

ಪಾಂಡೆಲಿಸ್ ಹತ್ತಕ್ಕೆ ಹೊರಡುತ್ತಾನೆ, ಗಡ್ಡ ಹೆರೆದು.
ಬಂದರಿನ ಕಾಫಿ ಅಂಗಡಿಯಲ್ಲಿ ಒಂದು ಕಾಫಿ, ನಾಲ್ಕು ಗಂಟೆ.
ಅಲ್ಲಿ ಕುರ್ಚಿಗಳೆಲ್ಲ ಕ್ರೇನಿನ ಕಡೆ ಮುಖ ಮಾಡಿವೆ.
ಕ್ರೇನಿನ ಕೊಕ್ಕೆ ಗಾಳಿಗೆ ಒಂದಿಷ್ಟು ಅಲುಗಿದರೂ
ಗಂಡಸರು ಮಾತು ನಿಲ್ಲಿಸುತ್ತಾರಂತೆ.

ಹೋದ ಸೋಮವಾರ ಫೋನು ಬಂತು.
ದ್ವೀಪಕ್ಕೆ ಹೋಗಿಬರುವ ಒಂದು ಹಳೆಯ ದೋಣಿಹಡಗು,
ಹೊಟ್ಟೆಯ ತಗಡು ಬದಲಿಸಬೇಕು,
ಹನ್ನೊಂದು ದಿನದ ಕೆಲಸ.
ಹನ್ನೊಂದೇ.
ರಾತ್ರಿ ಅವನು ಮಲಗಲಿಲ್ಲ.
ವೆಲ್ಡಿಂಗ್ ಮುಖವಾಡ ಒರೆಸಿದ, ಮತ್ತೆ ಒರೆಸಿದ,
ಅದರ ಕಪ್ಪು ಗಾಜಿನೊಳಗಿಂದ
ಅಡುಗೆಮನೆಯ ಬಲ್ಬನ್ನು ನೋಡುತ್ತ ಕೂತ.

ಮಂಗಳವಾರ ಏಳಕ್ಕೆ ಅತ್ತೆ
ಎಂದಿನಂತೆ ತೋಳು ಮಡಿಸಿ ಕೂತಳು.
ಅವನು ಆರಕ್ಕೇ ಹೋಗಿಯಾಗಿತ್ತು.
ನಾನು ಪಟ್ಟಿ ತಂದೆ. ಬೇಡವೆಂದಳು.
ಆಲಿವ್ ಬಟ್ಟಲನ್ನು ಹತ್ತಿರ ಎಳೆದುಕೊಂಡು
ಒಂದು ತಿಂದಳು, ಇನ್ನೊಂದು ತಿಂದಳು,
ಬೀಜಗಳನ್ನು ತಟ್ಟೆಯಂಚಿಗೆ ಜೋಡಿಸಿ
ಬೆರಳ ಉಪ್ಪು ನೆಕ್ಕಿ, ಕಣ್ಣು ಮುಚ್ಚಿ ಹೇಳಿದಳು:
'ಹನ್ನೊಂದು ದಿನ, ಅರ್ಗಿರೋ.
ಹನ್ನೊಂದು ದಿನ ನನಗೆ ರಜೆ.'