ಬಾವಿಯ ಮೂಲೆಯ ನಾಲ್ಕು ಗಿಡ

ಶಂಕರಪುರದ ಕಟ್ಟೆಯಲ್ಲಿ ಮಲ್ಲಿಗೆ ಎಣಿಸುವವನು ನಾನು.
ನಾಲ್ಕು ಚೆಂಡಿಗೆ ಒಂದು ಅಟ್ಟೆ;
ತಪ್ಪಿದರೆ ಮುಂಬಯಿಯಿಂದ ಫೋನು ಬರುತ್ತದೆ.
ಬೆನೆಡಿಕ್ಟಾ ಬಾಯಿಯ ಲೆಕ್ಕ ಮಾತ್ರ
ಊರಿಗೆ ವಾಪಸಾದಂದಿನಿಂದ ಕೂಡುತ್ತಿಲ್ಲ.

ಅಂಗಳದ ಸುತ್ತ ಅರುವತ್ತು ಗಿಡ.
ಬಾವಿಯ ಮೂಲೆಯ ನಾಲ್ಕನ್ನು ಮುಟ್ಟುವುದಿಲ್ಲ.
ಮದುವೆಯ ತಿಂಗಳು, ಇವತ್ತೊಂದು ದರ,
ನಾಳೆ ಅದರ ಒಂದೂವರೆ.
"ನಾನೇ ಕೊಯ್ಯಲಾ ಬಾಯಿ?"
"ಅದು ನನ್ನದಲ್ಲ ಮಾರಾಯ."
"ಮತ್ತೆ ಯಾರದ್ದು?"
"ಕೇಳಲಿಕ್ಕೆ ನಾಚುವವರದ್ದು."

ಹನ್ನೊಂದು ವರ್ಷ ಇಸ್ರೇಲಿನ ಹಳ್ಳಿಯೊಂದರಲ್ಲಿ
ಸಿಪ್ಪೋರ ಎಂಬ ಮುದುಕಿಯ ಕಾಲು ತೊಳೆದವಳು.
ಕೊಚ್ಚಿಯಿಂದ ಹೋದ ಯೆಹೂದ್ಯರು ಕಟ್ಟಿದ ಹಳ್ಳಿ:
ಎಪ್ಪತ್ತು ಮನೆ, ಒಂದು ಸಿನಗಾಗ್, ಕೋಳಿಗೂಡು.
ಹಿನ್ನೀರು ಬಿಟ್ಟು ಬಂದವರಿಗೆ ಸಿಕ್ಕಿದ್ದು
ಕೊಡ ಸುರಿದರೂ ಒದ್ದೆಯಾಗದ ಮಣ್ಣು.
ಮೊದಲ ದಿನ ಇವಳ ತುಳುವಿಗೂ ಅವಳ ಮಲಯಾಳಕ್ಕೂ
ಉಪ್ಪು, ಮೀನು, ಕಣ್ಣು,
ಮೂರೇ ಸಂಕ.

ಶುಕ್ರವಾರ ಹೊತ್ತು ಕಂತಿದ ಮೇಲೆ
ಮುದುಕಿ ಸ್ವಿಚ್ಚು ಒತ್ತುವಂತಿಲ್ಲ,
ಒತ್ತು ಎನ್ನುವಂತೆಯೂ ಇಲ್ಲ.
"ಎಂಥ ಕತ್ತಲು ಇವತ್ತು" ಎಂದು ಗೋಡೆಗೆ ಹೇಳುವಳು.
ಗೋಡೆಯ ಪರವಾಗಿ ಬೆನೆಡಿಕ್ಟಾ ಎದ್ದು ದೀಪ ಹಾಕುವಳು.
ಆಮೇಲೆ ಇಬ್ಬರೂ ಏನೂ ಆಗಿಲ್ಲದಂತೆ
ಸೂಪು ಕುಡಿಯುವರು.

ಏಳನೆಯ ವರ್ಷ ಹೊಲಕ್ಕೆ ರಜೆ.
"ಮಣ್ಣೇನು ನಮ್ಮ ಕೂಲಿಯಾಳಾ?" ಎಂದಳಂತೆ ಸಿಪ್ಪೋರ;
ಮಗ ಬ್ಯಾಂಕಿನ ಕಾಗದ ಹಿಡಿದು
ರಬ್ಬಿಯ ಬಾಗಿಲಲ್ಲಿ ಕೂಗಾಡಿ ಬಂದನಂತೆ.
ಉಳಿದ ವರ್ಷಗಳಲ್ಲೂ ಒಂದು ಮೂಲೆ
ಕೊಯ್ಯದೆ ಬಿಡಬೇಕು, ಪರದೇಶಿಗಳಿಗೆ.
ಯಾರವರು ಎಂದು ಕೇಳಿದ್ದಕ್ಕೆ ಮುದುಕಿ
ಹಲ್ಲಿಲ್ಲದೆ ನಕ್ಕಳು:
ಮೊದಲು ನಾವು. ಈಗ ನೀನು.

ಬಾಯಿ ಜಾತಿ ಕೆಟ್ಟು ಬಂದಿದ್ದಾಳೆ ಎಂದರು ಊರಿನವರು.
ಪಾದ್ರಿಗಳು ಬಂದು ನಾಲ್ಕೂ ಗಿಡ ನೋಡಿ,
ಕಾಫಿ ಕುಡಿದು,
"ಇದು ನಮ್ಮ ಪುಸ್ತಕದಲ್ಲೂ ಉಂಟು" ಎಂದು
ಸ್ವಲ್ಪ ಬೇಜಾರಿನಲ್ಲೇ ಹೋದರು.

ನಿನ್ನೆ ಸಂಜೆ ಸ್ಕೂಟರ್ ಕೆಟ್ಟು ಅವಳ ಜಗಲಿಯಲ್ಲಿ ಕೂತಿದ್ದೆ.
ಹೊಸ ಕಟ್ಟಡದ ಕೆಲಸಕ್ಕೆ ಬಂದ ರಾಯಚೂರಿನ ಹುಡುಗಿ,
ಮೊಣಕೈವರೆಗೆ ಸಿಮೆಂಟು,
ಗೇಟು ತೆರೆಯದೆ ಬೇಲಿಯ ಮೇಲಿಂದ ಬಾಗಿ
ಬಿರಿದ ಹೂವು ಕೊಯ್ಯುತ್ತಿದ್ದಳು,
ಕಟ್ಟೆಗೆ ಬಾರದ, ದರವಿಲ್ಲದ ಹೂವು.
ನಲವತ್ತರವರೆಗೆ ಎಣಿಸಿದೆ, ಅಭ್ಯಾಸಬಲ.
ಆಮೇಲೆ ಅವಳ ಬೆರಳೂ ಕಾಣಿಸಲಿಲ್ಲ.

ಒಳಗಿಂದ ಬೆನೆಡಿಕ್ಟಾ, ಯಾರಿಗೂ ಅಲ್ಲ ಎಂಬಂತೆ,
"ಎಂಥ ಕತ್ತಲು ಇವತ್ತು" ಎಂದಳು.

ನಾನು ಕೈ ಚಾಚಿ
ಜಗಲಿಯ ದೀಪ ಹಾಕಿದೆ.